ಯಾವ ಊರಿನ ಹಿಮ ಗಟ್ಟಿಯಿತ್ತು

ನಾನು ಬಿದ್ದೆನೋ ಇಲ್ಲವೋ ಎಂಬುದು ಈಗ ನನಗೆ ಖಾತ್ರಿಯಿಲ್ಲ. ಬಿದ್ದೆ ಎಂದು ಹಲವು ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ಹೇಳುವಾಗಲೆಲ್ಲ ಎರಡೂ ಅಂಗೈಗಳನ್ನು ಮುಂದೆ ಚಾಚುತ್ತೇನೆ. ಕಾಲಿಗೆ ಕಟ್ಟಿದ್ದ ಉದ್ದನೆಯ ಸ್ಕೀ ಹಲಗೆಗಳು ಮುಂದಕ್ಕೆ ಓಡಿದವು, ನಾನು ಹಿಂದಕ್ಕೆ ವಾಲಿ ಕೈ ಊರಿದೆ, ಕೆಳಗಿದ್ದ ಹಿಮ ಸಿಮೆಂಟಿನಂತಿತ್ತು, ಅಂಗೈ ತರಚಿಹೋಯಿತು ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ಮಧುಗಿರಿಯ ಮೇಷ್ಟರೊಬ್ಬ ಮರಳುಗಾಡಿಗೆ ಹೋಗಿ ಹಿಮದ ಮೇಲೆ ಜಾರಿಬಿದ್ದ ಎಂದರೆ ಯಾರಾದರೂ ನಗಬೇಕಾದದ್ದೇ. ಆದರೆ ಆ ಜಾಗದಲ್ಲಿ ಕೈಗವಸು ಇಲ್ಲದವರನ್ನು ಒಳಗೇ ಬಿಡುತ್ತಿರಲಿಲ್ಲ. ಕೈಗವಸು ಹಾಕಿದ್ದರೆ ಅಂಗೈ ಹೇಗೆ ತರಚಿತು? ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ನಾನೇ ಕೇಳಿಕೊಂಡದ್ದು ಕಳೆದ ಬೇಸಿಗೆಯಲ್ಲಿ, ನನ್ನ ಅಕ್ಕನ ಮಗಳ ಮಂಡಿಯ ಪ್ರಶ್ನೆ ಎದುರಾದಾಗ.

ನಾನು ಮಣ್ಣು ಓದಿದವನು. ಚೌಳು ಭೂಮಿಯ ಮೇಲೆ ಸಂಶೋಧನೆ ಮಾಡಿ, ಅದರ ಬಲದಿಂದ ಒಮ್ಮೆ ಕೊಲ್ಲಿಯ ದೇಶಗಳಿಗೆ ಸಮ್ಮೇಳನಕ್ಕೆ ಹೋಗಿದ್ದೆ. ಸಮ್ಮೇಳನದ ಅರ್ಧ ಒಂದು ನಗರದಲ್ಲಿ, ಉಳಿದರ್ಧ ಕೆಲವು ಗಂಟೆಗಳ ದಾರಿಯ ಇನ್ನೊಂದು ನಗರದಲ್ಲಿ. ಎರಡೂ ಕಡೆ ದೊಡ್ಡ ಮಾಲ್ ಇತ್ತು, ಎರಡೂ ಮಾಲ್‌ಗಳ ಹೊಟ್ಟೆಯೊಳಗೆ ಹಿಮದ ಇಳಿಜಾರು ಇತ್ತು. ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವ ಬಿಸಿಲು. ಒಳಗೆ ಕಿಟಕಿಯೇ ಇಲ್ಲದ ಉದ್ದನೆಯ ಕೊಟ್ಟಿಗೆ, ನೀಲಿ ದೀಪ, ತೂಗಾಡುತ್ತಾ ಮೇಲಕ್ಕೆ ಹೋಗುವ ಕುರ್ಚಿಗಳ ಸಾಲು, ಒಂದು ಪಕ್ಕದಲ್ಲಿ ಅಗಲವಾದ ಗಾಜು, ಗಾಜಿನ ಆಚೆ ಕಾಫಿ ಕುಡಿಯುತ್ತಾ ಬೀಳುವವರನ್ನೇ ಕಾಯುತ್ತಿದ್ದ ಜನ. ಇಷ್ಟೂ ಎರಡಕ್ಕೂ ಒಂದೇ. ಒಂದರ ಇಳಿಜಾರು ನಡುವೆ ಬಾಗಿ ತಿರುಗುತ್ತಿತ್ತು, ಇನ್ನೊಂದು ನೆಟ್ಟಗಿತ್ತು. ನನ್ನ ನೆನಪಿನಲ್ಲಿ ಸ್ಪಷ್ಟವಾಗಿ ಬೇರೆಯಾಗಿ ನಿಂತದ್ದು ಹಿಮ. ಒಂದು ಕಡೆ ಅದು ಜರಡಿ ಹಿಡಿದ ರಾಗಿ ಹಿಟ್ಟಿನಂತೆ ಸಡಿಲ. ಇನ್ನೊಂದು ಕಡೆ ಬೇಸಿಗೆಯ ಚೌಳು ನೆಲದಂತೆ ಮೇಲೆ ಹೊಳಪು, ಒಳಗೆ ಕಲ್ಲು. ಯಾವ ನಗರದಲ್ಲಿ ಹಿಟ್ಟು, ಯಾವ ನಗರದಲ್ಲಿ ಕಲ್ಲು ಎಂಬುದು ಮಾತ್ರ ನನಗೆ ಬರಲಿಲ್ಲ.

ಬರಲೇಬೇಕಿತ್ತು. ನನ್ನ ಅಕ್ಕನ ಮಗಳು ಕಾಲೇಜಿನಲ್ಲಿದ್ದಾಗ ಎನ್‌ಸಿಸಿ ಕಡೆಯಿಂದ ಉತ್ತರದ ಬೆಟ್ಟಗಳಿಗೆ ಸ್ಕೀ ತರಬೇತಿಗೆ ಹೋದವಳು. ಶಿರಾ ತಾಲ್ಲೂಕಿನ ಹುಡುಗಿಗೆ ಹಿಮ ಹಿಡಿಸಿಬಿಟ್ಟಿತು. ಎರಡನೆಯ ಸಲ ಹೋದಾಗ ಎಡಮಂಡಿಯ ಒಳಗಿನ ತಂತು ಹರಿದುಕೊಂಡು ಬಂದಳು. ಆಪರೇಷನ್ ಆಯಿತು. ಇನ್ನೊಮ್ಮೆ ಹರಿದರೆ ಆಟ ಹಾಗಿರಲಿ, ಮೆಟ್ಟಿಲು ಹತ್ತುವುದಕ್ಕೂ ಗೋಡೆ ಹಿಡಿಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದರು. ಆಮೇಲೆ ಅವಳು ಬೆಂಗಳೂರಿನ ಒಂದು ಮಾಲಿನ ಹಿಮದ ಕೋಣೆಯಲ್ಲಿ ಕೆಲಸ ಮಾಡಿದಳು. ಅಲ್ಲಿನ ಇಳಿಜಾರು ಜಗುಲಿಯಿಂದ ಅಂಗಳಕ್ಕೆ ಇಳಿದಷ್ಟು. ಮಕ್ಕಳು ಒಬ್ಬರ ಮೇಲೊಬ್ಬರು ಐಸ್ ಎಸೆದುಕೊಂಡು ಅಳುತ್ತಾ ಹೊರಬರುತ್ತಿದ್ದರಂತೆ. ಕಳೆದ ಬೇಸಿಗೆಯಲ್ಲಿ, ಹಿಂದೆ ಅವಳಿಗೆ ಕಲಿಸಿದವರೊಬ್ಬರ ಮೂಲಕ ಎರಡು ಕಡೆಯಿಂದ ಕರೆ ಬಂತು: ಹೊಸದಾಗಿ ಸ್ಕೀ ಕಲಿಯುವವರಿಗೆ ತರಬೇತಿ ಕೊಡುವ ಕೆಲಸ. ನಾನು ನೋಡಿಬಂದಿದ್ದ ಅವೇ ಎರಡು ನಗರ, ಅವೇ ಎರಡು ಇಳಿಜಾರು. ನಮ್ಮ ಇಡೀ ಬಂಧುಬಳಗದಲ್ಲಿ ಅವೆರಡನ್ನೂ ಕಂಡಿದ್ದವನು ನಾನೊಬ್ಬ.

ಅಕ್ಕನ ಮನೆ ಬರಗೂರಿನ ಹತ್ತಿರದ ಹಳ್ಳಿಯಲ್ಲಿ. ನಾನು ಹೋದಾಗ ಅವಳು ಪಡಸಾಲೆಯಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಮಗಳು ಪಕ್ಕದಲ್ಲಿ ಕಾಲು ನೀಡಿಕೊಂಡು, ಮಂಡಿಯ ಕೆಳಗೆ ದಿಂಬಿಟ್ಟು, ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಿದ್ದಳು.

"ಲೇ, ನೀನು ಎಲ್ಡೂ ಕಡೆ ಹೋಗ್ಬಂದಿದ್ದೀಯ," ಎಂದಳು ಅಕ್ಕ. "ಯಾವ್ದು ಮೆತ್ತಗೈತೆ ಅದನ್ನೇಳು. ಮಿಕ್ಕಿದ್ದೆಲ್ಲಾ ನಂಗೆ ಬ್ಯಾಡ."

"ನನಗೆ ಎರಡೂ ಬೆರೆತುಹೋಗಿವೆ ಅಕ್ಕ."

"ಬೆರೆಯಾಕೆ ಅದೇನು ಸಾರಾ? ಎಲ್ಡು ಊರು ಕಣ್ಲಾ!"

"ಅಮ್ಮಾ, ಮಾವ ಪಿಎಚ್‌ಡಿ ಮಾಡಿರೋದು ಮಣ್ಣಲ್ಲಿ, ಐಸಲ್ಲಲ್ಲ," ಎಂದು ಹುಡುಗಿ ನಕ್ಕಳು.

"ಮಾಡಿ ಏನ್ ಬಂತು? ಯಾರ್ ಏನ್ ಕೇಳಿದ್ರೂ ಇರಬೋದು, ಇಲ್ದಿರಬೋದು. ಮದ್ವೆ ಹೆಣ್ಣು ನೋಡಾಕೋದಾಗ್ಲೂ ಇಂಗೇ ಅಂದಿದ್ದ. ಒಪ್ಪಿಗೇನಾ ಅಂದ್ರೆ, ಇನ್ನೂ ಪುರಾವೆ ಬೇಕು ಅಂದ."

ಅಕ್ಕ ತಮಾಷೆ ಮಾಡುತ್ತಿದ್ದಳು, ಆದರೆ ಕೋಲಿನ ಏಟು ಹುಣಸೆಹಣ್ಣಿಗೆ ಬೇಕಾದದ್ದಕ್ಕಿಂತ ಜೋರಾಗಿ ಬೀಳುತ್ತಿತ್ತು. ಮಗಳನ್ನು ಕಳಿಸುವುದೇ ಅವಳಿಗೆ ಬೇಡವಾಗಿತ್ತು. ಕಳಿಸದಿದ್ದರೆ ಮಗಳು ಮಾತು ಬಿಡುತ್ತಾಳೆ ಎಂಬುದೂ ಗೊತ್ತಿತ್ತು. ಗಟ್ಟಿ ಹಿಮದ ಮೇಲೆ ಹಲಗೆ ಹಿಡಿತ ಸಿಗದೆ ಸರ್ರನೆ ಹೋಗುತ್ತದೆ, ಮಂಡಿ ತಿರುಚುತ್ತದೆ. ಮೆತ್ತನೆಯದರಲ್ಲಿ ಬಿದ್ದರೂ ಎದ್ದು ಹಿಟ್ಟು ಒರೆಸಿಕೊಂಡರೆ ಮುಗಿಯಿತು. ಇದನ್ನು ಅವಳು ಮಗಳ ಬಾಯಿಂದಲೇ ತಿಳಿದುಕೊಂಡಿದ್ದಳು. ಹಾಗಾಗಿ ಅವಳ ಪ್ರಶ್ನೆ ಒಂದೇ ಆಗಿತ್ತು, ಉತ್ತರ ಹೇಳಬೇಕಾದವನು ನಾನಾಗಿದ್ದೆ. ಒಂದು ಊರಿನ ಹೆಸರು ಹೇಳಿ ಎದ್ದು ಬರಬಹುದಿತ್ತು. ಅದು ನನ್ನಿಂದ ಆಗಲಿಲ್ಲ.

ಮಧುಗಿರಿಗೆ ಬಂದು ಅಂತರ್ಜಾಲದಲ್ಲಿ ಎರಡೂ ಇಳಿಜಾರುಗಳ ಬಗ್ಗೆ ಹುಡುಕಿದೆ. ಅದೇ ದೊಡ್ಡ ತಪ್ಪಾಯಿತು. ಬಾಗಿದ ಇಳಿಜಾರು ಗಾಜಿನಂತೆ ಗಟ್ಟಿ ಎಂದು ಒಬ್ಬ ಬರೆದಿದ್ದ. ಅದೇ ಇಳಿಜಾರು ಹತ್ತಿಯಂತಿದೆ ಎಂದು ಇನ್ನೊಬ್ಬ. ನೆಟ್ಟಗಿನದರ ಬಗ್ಗೆಯೂ ಹೀಗೇ. ಚಿತ್ರಗಳನ್ನು ನೋಡುತ್ತಾ ಹೋದಂತೆ ನನ್ನದಾಗಿದ್ದ ಸ್ವಲ್ಪ ನೆನಪೂ ಕರಗತೊಡಗಿತು. ಗಾಜಿನ ಪಕ್ಕ ಕೆಂಪು ಕಂಬ ಇತ್ತೆಂದು ನನಗೆ ಈಗ ನೆನಪಿದೆ, ಆದರೆ ಅದು ಆಗ ಕಂಡದ್ದೋ, ಮೊನ್ನೆ ಪರದೆಯ ಮೇಲೆ ಕಂಡದ್ದೋ? ವಿದ್ಯಾರ್ಥಿಗಳಿಗೆ ನಾನು ಹೇಳುವುದೇ ಇದು: ಒಂದು ಹೊಲದ ಮಣ್ಣು ತೆಗೆದ ಚೀಲಕ್ಕೆ ಇನ್ನೊಂದು ಹೊಲದ ಮಣ್ಣು ಬಿದ್ದರೆ, ಅದನ್ನು ಎಸೆದು ಮತ್ತೆ ಹೊಲಕ್ಕೆ ಹೋಗಿ. ನಾನು ಮತ್ತೆ ಆ ನಗರಗಳಿಗೆ ಹೋಗುವಂತಿರಲಿಲ್ಲ.

ನನ್ನ ಭಾವ, ಅಂದರೆ ಹುಡುಗಿಯ ಅಪ್ಪ, ಪಾವಗಡ ಕಡೆಯವರು, ಮಾತಿನಲ್ಲಿ ತೆಲುಗು ಬೆರೆಯುತ್ತದೆ. ರಾಯಚರ್ಲುವಿನ ಬಳಿಯ ಸೋಲಾರ್ ಪಾರ್ಕಿನಲ್ಲಿ ಫಲಕಗಳನ್ನು ತೊಳೆಸುವ ಮೇಸ್ತ್ರಿ. ವಾರವಿಡೀ ಅಲ್ಲೇ ಇದ್ದು ಭಾನುವಾರ ಮನೆಗೆ ಬರುತ್ತಾರೆ. ಅಕ್ಕನಿಗಿಂತ ಅವರ ಜೊತೆ ಮಾತಾಡುವುದು ಸುಲಭ ಎಂದುಕೊಂಡು ಬೈಕಿನಲ್ಲಿ ಹೋದೆ. ಕಣ್ಣು ಹಾಯುವವರೆಗೂ ಕಪ್ಪು ಫಲಕಗಳು, ಎಲ್ಲವೂ ಒಂದೇ ಕಡೆಗೆ ವಾಲಿಕೊಂಡು. ಭಾವ ತಲೆಗೆ ಟವೆಲು ಸುತ್ತಿ ನೀರಿನ ಟ್ಯಾಂಕರಿನ ನೆರಳಲ್ಲಿ ನಿಂತಿದ್ದರು.

"ಏಮಿ ಡಾಕ್ಟ್ರೇ, ಈ ಬಿಸ್ಲಾಗೆ ಬಂದ್ಬುಟ್ಟೆ? ಅಕ್ಕ ಅಟ್ಟುಸ್ಕಂಡ್ ಬಂದ್ಲಾ?"

ವಿಷಯ ಹೇಳಿದೆ. ಅವರು ಬೀಡಿ ಹಚ್ಚಿ ಯೋಚಿಸಿದರು.

"ನಾವಿಲ್ಲಿ ಬಿಸ್ಲಿಂದ ಕರೆಂಟು ತೆಗೀತೀವಿ, ಅವ್ರಲ್ಲಿ ಕರೆಂಟಿಂದ ಚಳಿ ತೆಗೀತಾರೆ. ಮಧ್ಯ ನನ್ ಮಗಳ ಮಂಡಿ." ಹೊಗೆ ಬಿಟ್ಟು ಅಂದರು, "ಹುಡುಗಿ ಎಲ್ಲಿಗೋದ್ರೆ ಮಂಚಿದೋ ಅದೊಂದು ಚೆಪ್ಪಪ್ಪಾ, ಸಾಕು."

"ಅದೇ ಗೊತ್ತಾಗ್ತಿಲ್ಲ ಭಾವ."

"ಸರ್ಲೇ. ತಲೆಗೆ ಬರ್ದಿದ್ರೆ ಬುಡು, ಮೈನ ಕೇಳು. ಕೊಳಾಲದ ಕಡೆ ನಿಮ್ಮೂರ ಹಿಂದೆ ಜಾರೋ ಬಂಡೆ ಐತಲ್ಲ, ಅದ್ರ ಮ್ಯಾಲೆ ಒಂದ್ಸಲ ಜಾರು. ಬಿದ್ದಾಗ ಹೆಂಗೆ ಬಿದ್ದೆ ಅಂತ ಜ್ಞಾಪ್ಕ ಬಂದ್ರೆ ಎಲ್ಲಿ ಬಿದ್ದೆ ಅಂತಾನೂ ಬರ್ತದೆ."

ಇದು ವಿಜ್ಞಾನವಲ್ಲ ಎಂದು ಹೇಳಬೇಕೆನಿಸಿತು. ಆದರೆ ನನ್ನ ಬಳಿ ಬೇರೆ ದಾರಿಯೂ ಇರಲಿಲ್ಲ.

ಆ ಬಂಡೆಯ ವಿಷಯ ಸ್ವಲ್ಪ ಹೇಳಬೇಕು. ಕೊರಟಗೆರೆ ತಾಲ್ಲೂಕಿನಲ್ಲಿ ಬಂಡೆಯಿಲ್ಲದ ಊರು ಕಡಿಮೆ. ನಾನೂ ಅಕ್ಕನೂ ಹುಟ್ಟಿ ಬೆಳೆದ ಊರಿನ ಹಿಂದಿನದು ನುಣುಪಾದ ಇಳುಕಲು. ತಲೆಮಾರುಗಳ ಮಕ್ಕಳು ಜಾರಿ ಜಾರಿ ಅದರ ನಡುವೆ ಎಣ್ಣೆ ಸವರಿದಂತೆ ಒಂದು ಪಟ್ಟಿ ಮೂಡಿದೆ. ತೆಂಗಿನ ಗರಿಯ ಬುಡದ ಅಗಲವಾದ ಭಾಗವನ್ನು ನಾವು ಎಡಮಟ್ಟೆ ಎನ್ನುತ್ತೇವೆ. ಅದರ ಮೇಲೆ ಕೂತು ಕಾಲು ಮುಂದೆ ಚಾಚಿ ಜಾರುವುದು. ನಿಲ್ಲಬೇಕಾದಾಗ ಹಿಂದಕ್ಕೆ ಒರಗಿ, ಎರಡೂ ಅಂಗೈಗಳನ್ನು ಹಿಂದೆ ಒತ್ತಿ, ಹಿಮ್ಮಡಿ ಊರಬೇಕು. ನಡೆಯಲು ಕಲಿತ ಮೇಲೆ ನಮ್ಮ ಕಡೆಯ ಮಕ್ಕಳು ಕಲಿಯುವುದು ಇದನ್ನೇ: ಭಯವಾದರೆ ಹಿಂದಕ್ಕೆ ವಾಲು. ಸ್ಕೀ ಹಲಗೆಯ ಮೇಲೆ ಇದಕ್ಕಿಂತ ಕೆಟ್ಟದ್ದು ಇಲ್ಲ. ಅಲ್ಲಿ ಭಯವಾದಷ್ಟೂ ಮುಂದಕ್ಕೆ ಬಾಗಬೇಕು, ಹಿಂದಕ್ಕೆ ಕೂತರೆ ಹಲಗೆ ತನ್ನಿಷ್ಟಕ್ಕೆ ಓಡಿ ಮಂಡಿಯನ್ನು ತಿರುಚುತ್ತದೆ. ಹುಡುಗಿಯ ಮಂಡಿ ಹರಿದದ್ದು ಹೀಗೇ. ಕಲಿಸುವವರು ಮುಂದೆ ಬಾಗು ಎಂದು ಕೂಗುತ್ತಿದ್ದರಂತೆ, ಅವಳ ಮೈ ಬಂಡೆಯ ಪಾಠವನ್ನು ನಂಬಿತು. ನಾನು ಬಿದ್ದದ್ದೂ ಹೀಗೇ ಎಂದು ಇಷ್ಟು ವರ್ಷ ನನ್ನ ವಾದವಾಗಿತ್ತು. ನನ್ನ ಬೀಳುವಿಕೆಗೆ ನನ್ನ ಬಾಲ್ಯವೇ ಸಾಕ್ಷಿ ಎಂಬಂತೆ.

ಒಂದು ಬೆಳಿಗ್ಗೆ ಅಕ್ಕ, ಹುಡುಗಿ, ನಾನು ಮೂವರೂ ಹೋದೆವು. ಬಂಡೆ ಇತ್ತು. ನಾನು ನೆನೆದುಕೊಂಡದ್ದಕ್ಕಿಂತ ಗಿಡ್ಡವಾಗಿತ್ತು. ಅದರಲ್ಲಿ ಆಶ್ಚರ್ಯವಿಲ್ಲ, ಬಾಲ್ಯದ್ದೆಲ್ಲ ಗಿಡ್ಡವಾಗುತ್ತದೆ. ಯಾರೋ ಬಿಟ್ಟುಹೋಗಿದ್ದ ಎಡಮಟ್ಟೆ ಕೆಳಗೆ ಬಿದ್ದಿತ್ತು. ಅದನ್ನು ಹಿಡಿದುಕೊಂಡು ಹತ್ತಿದೆ.

"ಮಾವ, ಹುಷಾರು. ಪ್ಯಾಂಟು ಹೊಸದು," ಎಂದು ಹುಡುಗಿ ಕೆಳಗಿನಿಂದ ಕೂಗಿದಳು.

ಮೇಲೆ ಕೂತೆ. ಪಟ್ಟಿ ನೇರ ಕೆಳಗೆ ಹೊಳೆಯುತ್ತಿತ್ತು. ಕಾಲು ಚಾಚಿದೆ. ಮೈಗೆ ಏನೂ ತಿಳಿಯಲಿಲ್ಲ. ಕೈ ಎಲ್ಲಿಡಬೇಕು, ಭಾರ ಎಲ್ಲಿ ಬಿಡಬೇಕು, ಯಾವುದೂ ಬರಲಿಲ್ಲ. ಸೈಕಲ್ಲು ಕಲಿತವನಿಗೆ ಸೈಕಲ್ಲು ಮರೆಯುವುದಿಲ್ಲ. ನನಗೆ ಇದು ಹೊಸದಾಗಿತ್ತು. ಬಂಡೆಗೆ ಅಂಟಿಕೊಂಡು ಕೂತೇ ಇದ್ದೆ.

"ಇಳೀಲೇ, ಇಳಿ. ಬೀಳ್ತೀಯ," ಎಂದಳು ಅಕ್ಕ. "ಆವತ್ತೂ ಇಂಗೇ ಕೂತಿದ್ದೆ. ಅಪ್ಪ ಬಂದು ಎತ್ಕಂಡ್ ಇಳಿಸ್ತು."

"ಯಾವತ್ತು? ನಾನು ದಿನಾ ಜಾರುತ್ತಿದ್ದೆನಲ್ಲ."

"ನೀನಾ? ನೀನೆಲ್ಲಿ ಜಾರಿದ್ದೆ? ಕೆಳಗೆ ನಿಂತ್ಕಂಡು ಎಲ್ರ ಎಡಮಟ್ಟೆ ಕಾಯ್ತಿದ್ದೆ. ಜಾರ್ತಿದ್ದೋಳು ನಾನು ಕಣ್ಲಾ."

"ಅಂಗೈ ಉರಿಯುತ್ತಿದ್ದದ್ದು ನನಗೆ ಗೊತ್ತಿದೆ ಅಕ್ಕ."

"ಉರೀತೈತೆ ಅಂತ ಅತ್ಕಂಡ್ ಬಂದು ನಿಂಗೆ ತೋರಿಸ್ತಿದ್ದೆ. ನೀನು ಊದ್ತಿದ್ದೆ."

ನಾನು ಕೂತೂ ತೆವಳಿಯೂ ಇಳಿದು ಬಂದೆ. ಹುಡುಗಿ ನಗುತ್ತಿದ್ದಳು, ಆಮೇಲೆ ತಾಯಿಯ ಮುಖ ನೋಡಿ ನಿಲ್ಲಿಸಿದಳು. ಅಕ್ಕ ಬಂಡೆಯ ಕಡೆ ತಿರುಗಿ ನಿಂತಿದ್ದಳು.

"ಇವಳು ಚಿಕ್ಕವಳಿದ್ದಾಗ ರಜಕ್ಕೆ ತವರಿಗೆ ಕರ್ಕಂಡ್ ಬರ್ತಿದ್ನಲ್ಲ, ಆಗ ಇಲ್ಲೇ ಕಲಿಸಿದ್ದು," ಎಂದಳು. "ಹಿಂದಕ್ಕೆ ಒರಗು ಕಣಮ್ಮ, ಹಿಂದಕ್ಕೆ ಒರಗು, ಏನೂ ಆಗಲ್ಲ ಅಂತ. ನಾನೇ ಯೋಳ್ಕೊಟ್ಟೆ. ಆ ಬೆಟ್ಟದಾಗೂ ನನ್ ಮಾತೇ ಕೇಳ್ತು ಮಗ. ನಿಮ್ ಹಿಮ ಎಲ್ಲಿ ಗಟ್ಟಿಯೋ ಎಲ್ಲಿ ಮೆತ್ತಗೋ, ನಂಗಿರೋ ಭಯ ಇದು. ಇನ್ನೊಂದ್ಸಲ ಕೇಳಿಬುಟ್ರೆ?"

ಹುಡುಗಿ ಹೋಗಿ ತಾಯಿಯ ಸೆರಗಿಗೆ ಅಂಟಿದ್ದ ಹುಲ್ಲಿನ ಮುಳ್ಳುಗಳನ್ನು ಕೀಳುತ್ತಾ ನಿಂತಳು.

ಬಸ್ಸಿನಲ್ಲಿ ನನ್ನ ತಲೆ ಬೇರೆಡೆಗೆ ಓಡುತ್ತಿತ್ತು. ಅಕ್ಕ ಹೇಳಿದ್ದು ನಿಜವಾದರೆ, ನನ್ನ ಅಂಗೈಯ ಉರಿ ನನ್ನದಲ್ಲ, ಅವಳದು. ಹಾಗಿದ್ದರೆ ಆ ಇಳಿಜಾರಿನಲ್ಲಿ ಬಿದ್ದವನು ನಾನೇ ಎಂಬುದಕ್ಕೆ ಏನು ಆಧಾರ? ಕೈಗವಸಿನ ಪ್ರಶ್ನೆ ಇನ್ನೂ ಕುಟುಕಿತು. ಇನ್ನೊಂದು ಕಡೆ, ಅಕ್ಕನ ನೆನಪನ್ನಾದರೂ ಏಕೆ ನಂಬಬೇಕು? ಅವಳ ಎದೆಯ ಭಾರಕ್ಕೆ ತಕ್ಕಂತೆ ಅವಳ ಬಾಲ್ಯವೂ ಬದಲಾಗಿರಬಹುದು. ಹೀಗೆ ಯೋಚಿಸಿದ್ದಕ್ಕೆ ನನಗೇ ನಾಚಿಕೆಯಾಯಿತು, ಆದರೂ ಯೋಚನೆ ನಿಲ್ಲಲಿಲ್ಲ. ಸಮ್ಮೇಳನದಲ್ಲಿ ನನ್ನ ಜೊತೆಗಿದ್ದ ಹೊರರಾಜ್ಯದ ಮಣ್ಣಿನ ಪ್ರಾಧ್ಯಾಪಕರೊಬ್ಬರಿಗೆ ಆ ಸಂಜೆಯೇ ಸಂದೇಶ ಕಳಿಸಿದೆ. ಉತ್ತರ ಬಂತು. ಅವರು ಬಂದದ್ದು ಎರಡರಲ್ಲಿ ಒಂದು ಇಳಿಜಾರಿಗೆ ಮಾತ್ರವಂತೆ, ಯಾವುದೆಂದು ನೆನಪಿಲ್ಲವಂತೆ. ಯಾರೋ ಬಿದ್ದು ಕೈ ಝಾಡಿಸಿಕೊಂಡದ್ದು ಕಂಡಿತ್ತಂತೆ. ಆಗ ಅವರು ಗಾಜಿನ ಈಚೆ ಕಾಫಿ ಕುಡಿಯುತ್ತಿದ್ದರಂತೆ, ಬಹುಶಃ ನಾನೂ ಅವರ ಪಕ್ಕದಲ್ಲೇ ಇದ್ದೆನಂತೆ.

ಬಹುಶಃ ನಾನೂ ಗಾಜಿನ ಈಚೆ! ಅದನ್ನು ಓದಿ ಫೋನು ಮೇಜಿನ ಮೇಲೆ ಬೋರಲು ಹಾಕಿದೆ.

ಅಕ್ಕನೂ ಮಗಳೂ ಆ ದಿನ ಮಧುಗಿರಿಯ ನಮ್ಮ ಮನೆಯಲ್ಲೇ ಉಳಿದಿದ್ದರು. ಊಟದ ಹೊತ್ತಿಗೆ ಹುಡುಗಿ ಕೇಳಿದಳು, "ಮಾವ, ನೀವು ಎರಡೂ ಕಡೆ ಯಾವ ಹೊತ್ತಲ್ಲಿ ಹೋಗಿದ್ರಿ?"

"ಹೊತ್ತಾ? ಒಂದು ಕಡೆ ಸಭೆ ಮುಗಿದ ಮೇಲೆ ಸಂಜೆ. ಇನ್ನೊಂದು ಕಡೆ... ಬೆಳಿಗ್ಗೆ ಬಿಡುವಿತ್ತು ಅನ್ನಿಸುತ್ತದೆ."

"ಹಾಗಾದ್ರೆ ನೀವು ಊರು ಕಂಪೇರ್ ಮಾಡ್ತಿಲ್ಲ, ಹೊತ್ತು ಕಂಪೇರ್ ಮಾಡ್ತಿದ್ದೀರ. ಬಾಗಿಲು ಹಾಕಿದ ಮೇಲೆ ಮಷೀನು ಬಿಟ್ಟು ಇಡೀ ಇಳಿಜಾರು ಕೆದರಿ, ಹೊಸ ಹಿಮ ಹಾಕ್ತಾರೆ. ಬೆಳಿಗ್ಗೆ ಮೆತ್ತಗಿರುತ್ತೆ. ಜನ ಉಜ್ಜಿ ಉಜ್ಜಿ ಸಂಜೆಗೆ ಗಟ್ಟಿ. ಎರಡೂ ಕಡೆಯೋರನ್ನ ಕೇಳಿದ್ದೀನಿ, ಎರಡೂ ಕಡೆ ಹಂಗೇ. ಬಾಗಿರೋ ಕಡೆ ನಂಗೆ ಸಂಜೆ ಕ್ಲಾಸು, ದೊಡ್ಡೋರಿಗೆ. ನೆಟ್ಟಗಿರೋ ಕಡೆ ಬೆಳಿಗ್ಗೆ, ಮಕ್ಕಳಿಗೆ. ನಾನು ಅಲ್ಲಿಗೇ ಹೋಗ್ತೀನಿ."

"ಇದು ಗೊತ್ತಿದ್ದರೆ ಇಷ್ಟು ದಿನ ನನ್ನನ್ನೇಕೆ ಕೇಳುತ್ತಿದ್ದಿರಿ?"

"ನಾನೆಲ್ಲಿ ಕೇಳ್ದೆ? ಅಮ್ಮ ಕೇಳಿದ್ದು."

ಅಕ್ಕ ಅನ್ನ ಕಲೆಸುತ್ತಾ ತಲೆ ಎತ್ತಲಿಲ್ಲ. "ಕೆಲಸಕ್ಕೆ ಕರೆಯೋರು ಮೆತ್ತಗೈತೆ ಅಂತಾನೇ ಯೋಳ್ತಾರೆ. ನಮ್ಮೋರು ಅಂತ ಒಬ್ರು ನೋಡಿರ್ಬೇಕು."

ಸಾಕ್ಷಿಯ ಬಗ್ಗೆ ನಾನು ತರಗತಿಯಲ್ಲಿ ಹೇಳುವುದೂ ಇಷ್ಟೇ. ಆದರೆ ಅವಳ ಪಾಲಿಗೆ ಇದ್ದ ಒಬ್ಬನೇ ಸಾಕ್ಷಿ ನಾನು. ನನ್ನ ನೆನಪಿನ ಸ್ಥಿತಿ ಅವಳಿಗೆ ಈಗ ಗೊತ್ತಿತ್ತು.

ಊಟ ಮುಗಿಸಿ ಕೈ ತೊಳೆದು ಅಕ್ಕ ಮಗಳಿಗೆ ಹೇಳಿದಳು, "ಹೋಗು. ಹೋದ್ ಮೊದಲ್ನೇ ದಿನ, ಕಾಲಿಗೆ ಹಲಗೆ ಕಟ್ಟೋಕೆ ಮುಂಚೆ ಆ ಹಿಮಾನ ಫೋನಾಗೆ ನಿಮ್ಮಾವನ್ಗೆ ತೋರ್ಸು. ಇವ್ನು ಸರಿ ಅಂದ್ರೆ ಕಟ್ಕೋ. ಹಳೇದೆಲ್ಲಾ ಬುಡ್ಲಿ, ಎದುರಿಗಿರೋದನ್ನಾದ್ರೂ ನೋಡಿ ಯೋಳ್ತಾನಾ ಅಂತ ನೋಡಾನ."

ಹುಡುಗಿ ಹೋದಳು. ನಾನು ಬಿದ್ದೆನೋ, ಯಾರಾದರೂ ಬಿದ್ದದ್ದನ್ನು ಗಾಜಿನ ಈಚೆಯಿಂದ ನೋಡಿದೆನೋ, ಎಳೆಯವನಿದ್ದಾಗ ಜಾರಿದೆನೋ, ಊದಿದೆನೋ, ಯಾವುದೂ ಇವತ್ತಿಗೂ ಇತ್ಯರ್ಥವಾಗಿಲ್ಲ. ಮೊದಲ ದಿನ ಅವಳು ವಿಡಿಯೋ ಕರೆ ಮಾಡಿದಾಗ ನಮ್ಮಲ್ಲಿ ಮಧ್ಯಾಹ್ನವಾಗುತ್ತಿತ್ತು, ಅಲ್ಲಿ ಇನ್ನೂ ಬೆಳಿಗ್ಗೆ, ಜನರನ್ನು ಒಳಗೆ ಬಿಟ್ಟಿರಲಿಲ್ಲ. ಅಕ್ಕ ಬರಗೂರಿನಿಂದ ಬಸ್ಸಿನಲ್ಲಿ ಬಂದು ನನ್ನ ಹೆಗಲ ಹಿಂದೆ ನಿಂತಿದ್ದಳು. ಹೊಸದಾಗಿ ಬಿದ್ದ ಹಿಮದ ಗಟ್ಟಿತನ ನೋಡಲು ಸರಳ ವಿಧಾನವಿದೆ: ಮೊದಲು ಮುಷ್ಟಿ ಒತ್ತಬೇಕು, ಅದೇ ಒಳಗೆ ಹೋದರೆ ಮೆತ್ತಗಿದೆ ಎಂದರ್ಥ, ಹೋಗದಿದ್ದರೆ ಬೆರಳು, ಅದೂ ಹೋಗದಿದ್ದರೆ ಚಾಕು. ಕೈಗವಸು ಹಾಕಿಯೇ ಮುಷ್ಟಿ ಒತ್ತು ಎಂದೆ. ಇಳಿಜಾರಿನ ಮೇಲ್ಭಾಗದಲ್ಲಿ ಒಮ್ಮೆ, ನಡುವೆ ಒಮ್ಮೆ, ಕಲಿಯುವವರು ನಿಲ್ಲಲು ಒದ್ದಾಡುವ ಕೆಳಗಿನ ಜಾಗದಲ್ಲಿ ಒಮ್ಮೆ. ಅವಳು ಫೋನು ಹತ್ತಿರ ಹಿಡಿದು ತೋರಿಸಿದಳು. ಅಕ್ಕ ಇನ್ನೊಮ್ಮೆ ತೋರಿಸು ಎಂದಳು, ಹುಡುಗಿ ಮತ್ತೆ ತೋರಿಸಿದಳು. ಸಂಜೆಯ ಬಗ್ಗೆ ನಾನು ಹೇಳಲಾರೆ, ಮರುದಿನದ ಬಗ್ಗೆಯೂ ಹೇಳಲಾರೆ. ಆ ಬೆಳಿಗ್ಗೆ, ನೆಟ್ಟಗಿನ ಇಳಿಜಾರಿನಲ್ಲಿ, ಒತ್ತಿದ ಕಡೆಯೆಲ್ಲ ಅವಳ ಮುಷ್ಟಿ ಮಣಿಕಟ್ಟಿನವರೆಗೆ ಒಳಗೆ ಹೋಯಿತು.